ಕೆಂಪು ಬೊಟ್ಟಿನ ತೋಟಾಗಳು

“ಇಷ್ಟು ವರ್ಷ ಏನೂ ಆಗಿಲ್ವಲ್ಲ ಮೇಡಂ” ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ಸುರಕ್ಷತೆ ನೋಡಿಕೊಳ್ಳುವುದು ನನ್ನ ಕೆಲಸ. ಪ್ರೆಸ್ಸಿನ ಮುಂದಿನ ಜಾಲರಿ ಬಿಚ್ಚಿಟ್ಟು ಒಳಗೆ ಕೈ ಹಾಕುವವನನ್ನು ತಡೆದರೆ ಅವನ ಕಣ್ಣಿನಲ್ಲಿ ಸಿಟ್ಟು ಕೂಡ ಇರುವುದಿಲ್ಲ, ಕನಿಕರ ಇರುತ್ತದೆ. ಪಾಪ, ಪುಸ್ತಕ ಓದಿ ಬಂದವಳು, ಹೆದರುತ್ತಾಳೆ ಅನ್ನುವ ಕನಿಕರ. ಆ ಮಾತನ್ನೂ ಆ ನೋಟವನ್ನೂ ನಾನು ಮೊದಲು ಕಂಡದ್ದು ನಮ್ಮ ಮನೆಯ ನಡುಮನೆಯಲ್ಲಿ, ನನ್ನ ತಾತನ ಹತ್ತಿರ. ಅವತ್ತು ಹೊತ್ತಿಕೊಂಡ ಸಿಟ್ಟು ಇನ್ನೂ ಆರಿಲ್ಲ. ಈಗಲೂ ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ.

ಹೆಬ್ಬಗೋಡಿಯಿಂದ ಒಳಕ್ಕೆ, ಆನೇಕಲ್ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದೆ ಹಳೆಯ ಹೆಂಚಿನ ಮನೆ, ಹಿಂದೆ ಕೊಟ್ಟಿಗೆಯಿದ್ದ ಜಾಗದಲ್ಲಿ ಸಾಲಾಗಿ ಶೀಟು ಹೊದಿಸಿದ ಬಾಡಿಗೆ ರೂಮುಗಳು. ರೂಮುಗಳಲ್ಲಿ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಇದ್ದರು. ಬೆಳಗಾದರೆ ಹಿಂದಿನಿಂದ ರೊಟ್ಟಿ ತಟ್ಟುವ ಸದ್ದು, ನಮ್ಮ ಅಡುಗೆಮನೆಯಿಂದ ಮುದ್ದೆ ತೊಳಸುವ ಕೋಲಿನ ಸದ್ದು, ಇವೆರಡರ ಮೇಲೆ ಹೊಸೂರು ರಸ್ತೆಯ ಲಾರಿಗಳ ಹಾರನ್ನು. ಈ ಗದ್ದಲದ ನಡುವೆ ನಡುಮನೆ ಮಾತ್ರ ತಾತನ ಕಾಲದಲ್ಲೇ ನಿಂತುಬಿಟ್ಟಿತ್ತು. ಅಲ್ಲಿ ಅವನ ಮರದ ಬೆಂಚು, ಬೆಂಚಿನ ಮೇಲಿನ ಗೋಡೆಯಲ್ಲಿ ಎರಡು ಗೂಟ, ಗೂಟಗಳಿಗೆ ಸರಪಳಿ ಬಿಗಿದು ಬೀಗ ಹಾಕಿದ ಕೋವಿ. ಬೀಗದ ಕೈ ತಾತನ ಉಡಿದಾರದಲ್ಲಿ ಇರುತ್ತಿತ್ತು.

ಅದು ಊರಲ್ಲಿ ಬೇರೆಯವರ ಮನೆಯಲ್ಲಿದ್ದಂಥ ಜೋಡುನಳಿಗೆಯ ಕೋವಿ ಅಲ್ಲ. ನಳಿಗೆ ಒಂದೇ, ಅದರ ಹೊಟ್ಟೆಯ ಕೆಳಗೆ ಇನ್ನೊಂದು ಕೊಳವೆ. ಆ ಕೊಳವೆಯೊಳಗೆ ತೋಟಾಗಳು ಒಂದರ ಬೆನ್ನಿಗೆ ಇನ್ನೊಂದು ಮೂತಿ ತಾಗಿಸಿಕೊಂಡು ಸಾಲಾಗಿ ಮಲಗುತ್ತಿದ್ದವು. ಹಿಡಿಯ ಕೆಳಗೆ ಬೆರಳು ತೂರಿಸುವ ಬಳೆಯಂಥ ಲಿವರು. ಅದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಹಳೆಯ ತೋಟಾ ಹಾರಿ ಹೊರಬಿದ್ದು ಹೊಸದು ಬಂದು ನಳಿಗೆಯಲ್ಲಿ ಕೂರುತ್ತಿತ್ತು. ಆ ‘ಕಳಕ್ ಚಳಕ್’ ಸದ್ದು ಕೇಳಲೆಂದೇ ಊರಿನವರು ಬರುತ್ತಿದ್ದರು. ಬೆಳೆ ಕಾಯಲು ಅಂತ ಲೈಸೆನ್ಸು ಇತ್ತು. ಕಾಯುವ ಬೆಳೆ ಇರಲಿಲ್ಲ, ನಮ್ಮ ರಾಗಿ ಹೊಲದ ಅಂಚಿಗೆ ಅಪಾರ್ಟ್‌ಮೆಂಟಿನ ಕಾಂಪೌಂಡು ಎದ್ದಾಗಿತ್ತು, ಹಂದಿಗಳು ಅದಕ್ಕೂ ಮುಂಚೆಯೇ ಊರು ಬಿಟ್ಟಿದ್ದವು. ಕೋವಿಗೆ ಉಳಿದಿದ್ದ ಕೆಲಸ ವರ್ಷಕ್ಕೆ ಒಂದೇ ಒಂದು. ಆಯುಧಪೂಜೆಯ ಮಧ್ಯಾಹ್ನ ತಾತ ಕೆರೆಯ ಹಿಂದಕ್ಕೆ ಹೋಗಿ ಏರಿಯ ಮಣ್ಣಿಗೆ ಒಂದು ಗುಂಡು ಹೊಡೆಯುತ್ತಿದ್ದ. ದಪ್ಪ ಬಿಳಿ ಹೊಗೆ ಏಳುತ್ತಿತ್ತು, ಮಕ್ಕಳು ಕೇಕೆ ಹಾಕುತ್ತಿದ್ದರು, ತಾತ ಮೀಸೆ ಒರೆಸಿಕೊಂಡು ಮನೆಗೆ ಬರುತ್ತಿದ್ದ. ಆಮೇಲೆಯೇ ಮನೆಯಲ್ಲಿ ಎಲೆ ಹಾಕುತ್ತಿದ್ದದ್ದು.

ಆದರೆ ಆಯುಧಪೂಜೆ ನಡೆಸುತ್ತಿದ್ದವಳು ಅಜ್ಜಿ. ಹಿಂದಿನ ದಿನವೇ ಮನೆಯ ಹಿತ್ತಾಳೆಯೆಲ್ಲ ಬಾವಿಕಟ್ಟೆಗೆ ಬರುತ್ತಿತ್ತು. ದೀಪ, ಗಂಟೆ, ಚೆಂಬು, ಅವುಗಳ ಜೊತೆ ತೋಟಾಗಳೂ. ಅಜ್ಜಿಗೆ ಅವು ಬೇರೆಯಲ್ಲ. ಹಿತ್ತಾಳೆ ಅಂದಮೇಲೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಕೋವಿಯ ಕೀಲುಗಳಿಗೆಲ್ಲ ಹರಳೆಣ್ಣೆ ಬಿಟ್ಟು, ವಿಭೂತಿ ಬಳಿದು, ಅರಿಸಿನ ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿ, ಅಕ್ಷತೆ ಹಾಕುತ್ತಿದ್ದಳು. ಅವಳ ಕಾನೂನು ಒಂದೇ: ಅವಳ ಕೈಯಿಂದ ಕುಂಕುಮ ಬೀಳದ ಆಯುಧವನ್ನು ಆ ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ. ಒಂದು ವರ್ಷ ಅಪ್ಪನ ಸ್ಕೂಟರಿಗೆ ಕುಂಕುಮ ಇಡುವುದು ಮರೆತುಹೋಗಿತ್ತು. ಅಪ್ಪ ಇನ್ನೇನು ಕಿಕ್ ಹೊಡೆಯಬೇಕು, ತಾತನೇ ಎದ್ದು ಬಂದು ಕೀ ಕಿತ್ತುಕೊಂಡ.

“ಅವ್ಳ ಕೈಲಿ ಬೊಟ್ಟು ಇಕ್ಕುಸ್ಕೊಂಡು ಆಮ್ಯಾಕೆ ಓಗು. ಈ ಮನೇಲಿ ಅಂಗೆಲ್ಲ ನಡಿಯಾಕಿಲ್ಲ.”

ಅಪ್ಪ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ವಿಭಾಗದಲ್ಲಿದ್ದ. ಯಾವುದಾದರೂ ಅಲುಗಾಡಿದರೆ ಅವನಿಗೆ ಸಮಾಧಾನ ಇರುತ್ತಿರಲಿಲ್ಲ. ಊಟದ ಮಣೆ ಅಲುಗಿದರೂ ಕೆಳಗೆ ರಟ್ಟಿನ ಚೂರು ಇಟ್ಟೇ ಕೂರುವವನು. ಕೋವಿಯ ಲಿವರು ಸಡಿಲವಾಗಿದೆ ಎಂದು ಅವನು ಎರಡು ಮೂರು ವರ್ಷದಿಂದ ಗೊಣಗುತ್ತಿದ್ದ. ಕೊನೆಗೆ ಒಂದು ದಸರಾ ರಜೆಯಲ್ಲಿ ಲೈಸೆನ್ಸು, ಕೋವಿ ಎರಡನ್ನೂ ತೆಗೆದುಕೊಂಡು ಸಿಟಿಯ ಬಂದೂಕು ರಿಪೇರಿ ಅಂಗಡಿಗೆ ಹೊರಟ. ಜೊತೆಗೆ ನಾನೂ ಹೋದೆ. ಎಲೆಕ್ಟ್ರಾನಿಕ್ ಸಿಟಿಗೆ ಮೇಲ್ಸೇತುವೆ ಕಟ್ಟಲು ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಅಂಗಡಿ ಸೇರುವಷ್ಟರಲ್ಲಿ ಇಬ್ಬರ ತಲೆಯೂ ಧೂಳು.

ಅಂಗಡಿಯವರು ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಕೋವಿಯ ಮಗ್ಗುಲಿನ ತಗಡು ಬಿಚ್ಚಿದ್ದೇ ತಡ, ಒಳಗಿನಿಂದ ಮೇಜಿನ ಮೇಲೆ ಅಕ್ಷತೆ ಉದುರಿತು. ಆಮೇಲೆ ಒಣಗಿದ ಚೆಂಡುಹೂವಿನ ಎಸಳು. ಆಮೇಲೆ ಎಣ್ಣೆ, ಕುಂಕುಮ, ವಿಭೂತಿ ಎಲ್ಲ ಸೇರಿ ಅಂಟಾದ ಕಪ್ಪು ಮುದ್ದೆ.

“ಏನ್ರೀ ಇದು, ಬಂದೂಕಾ ಹುಂಡಿಯಾ?” ಅಂದರು.

ಅಪ್ಪ ಪೆಚ್ಚಾದ. ಅವರು ಅದನ್ನೆಲ್ಲ ತೊಳೆದು, ದೀಪದ ಕೆಳಗೆ ಹಿಡಿದು, ತುಂಬಾ ಹೊತ್ತು ಲಿವರನ್ನು ಆಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಪುಟ್ಟಿ, ಕೈ ನೆಟ್ಟಗೆ ಚಾಚು.”

ಚಾಚಿದೆ. ಅವರು ನನ್ನ ಅಂಗೈಗೆ ಅಂಗೈ ಇಟ್ಟು ತಳ್ಳಿದರು. ನಾನು ಜಗ್ಗಲಿಲ್ಲ.

“ಈಗ ಮೊಣಕೈ ಒಂದ್ಚೂರು ಮಡಚು.”

ಮಡಚಿದೆ. ಮತ್ತೆ ತಳ್ಳಿದರು. ಕೈ ಮಡಚಿಕೊಂಡು ನನ್ನ ಅಂಗೈ ನನ್ನದೇ ಕೆನ್ನೆಗೆ ಬಡಿಯಿತು.

“ನೋಡಿ, ಇದರೊಳಗೂ ಎರಡು ಕಡೆ ಇಂಥದ್ದೇ ಮೊಣಕೈ ಇದೆ” ಎಂದು ಅವರು ಅಪ್ಪನಿಗೆ ಹೇಳಿದರು. “ಗುಂಡು ಸಿಡಿದಾಗ ಹಿಂದಕ್ಕೆ ಒದೆಯೋ ಒದೆತ ಎಲ್ಲ ಇದೇ ತಡೀಬೇಕು. ನೆಟ್ಟಗಿದ್ರೆ ತಡೆಯುತ್ತೆ. ಪಿನ್ನು ಸವೆದು ಸಡಿಲ ಆಗಿದೆ, ಇಷ್ಟು ದಿನ ಅಂಟು ಕೂತು ಪೂರ್ತಿ ನೆಟ್ಟಗೂ ಆಗ್ತಿರ್ಲಿಲ್ಲ. ಇದು ಕರಿಮದ್ದಿನ ಕಾಲದ ಬಂದೂಕು. ಅದರ ಒದೆತ ಮೆತ್ತಗೆ. ಇದೇ ಹೆಸರಿನ ತೋಟಾ ಬೇರೆ ಗಟ್ಟಿ ಬಂದೂಕಿಗೆ ಅಂತ ಜೋರು ಮದ್ದು ತುಂಬಿಸಿದ್ದೂ ಬರುತ್ತೆ. ಇದರಲ್ಲಿ ಸಲೀಸಾಗಿ ಕೂರುತ್ತೆ. ಕೂತಿತು ಅಂತ ಹೊಡೆದ್ರೆ ತೋಟಾದ ಬೆನ್ನಿಗೆ ಒತ್ತಿಕೊಂಡಿರೋ ಈ ಉಕ್ಕಿನ ಬೋಲ್ಟು ಹೊಡೆಯೋನ ಮುಖಕ್ಕೇ ಬರುತ್ತೆ.”

“ಹಂಗಾದ್ರೆ ಯಾವ್ದು ಹಾಕ್ಬೇಕು ಸಾರ್?”

“ಪಿನ್ನು, ಕೀಲು ಬದಲಾಯಿಸೋವರೆಗೆ ಯಾವುದೂ ಬೇಡ. ಆಮೇಲೂ ಮೆತ್ತನೆ ಮದ್ದು, ಸೀಸದ ಗುಂಡು ಮಾತ್ರ. ಮೂತಿ ಚಪ್ಪಟೆ ಇರಬೇಕು. ಚೂಪು ಮೂತಿದು ಆ ಕೊಳವೆಯಲ್ಲಿ ಹಾಕಿದ್ರೆ ಮುಂದಿನ ತೋಟಾದ ಹಿಂಭಾಗಕ್ಕೇ ಚುಚ್ಚುತ್ತೆ, ಕೊಳವೆಯೊಳಗೇ ಸಿಡಿಯುತ್ತೆ. ಕೀಲು ಎಲ್ಲಾದ್ರೂ ಸಿಕ್ರೆ ಹೇಳಿ ಕಳಿಸ್ತೀನಿ. ಅಲ್ಲಿವರೆಗೂ ಗೋಡೆ ಮೇಲಿರಲಿ, ನೋಡೋಕೆ ಚೆನ್ನಾಗಿದೆ.”

ಕೀಲು ಎಲ್ಲೂ ಸಿಗಲಿಲ್ಲ. ಮನೆಯಲ್ಲಿ ಅಪ್ಪ ಇದನ್ನೆಲ್ಲ ಹೇಳಿದಾಗ ತಾತ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ.

“ಅವ್ನು ರಿಪೇರಿ ಅಂಗಡಿಯೋನು. ಸರಿಗೈತೆ ಅಂದ್ರೆ ಅವನ ಒಟ್ಟೆಗೇನು? ಇಷ್ಟು ವರ್ಸ ಏನೂ ಆಗಿಲ್ಲ, ಇನ್ನೇನಾಯ್ತದೆ?”

ಸಾಲದ್ದಕ್ಕೆ ಅದೇ ವಾರ ಚಿಕ್ಕಪ್ಪ ಬಂದ. ಅವನು ಸೈಟು ವ್ಯಾಪಾರ ಮಾಡುತ್ತಿದ್ದ, ಸರ್ಜಾಪುರದ ಕಡೆ ಮನೆ ಮಾಡಿಕೊಂಡಿದ್ದ. ತಾತನ ಹಳೆಯ ತೋಟಾಗಳು ಮುಗಿಯುತ್ತ ಬಂದಿವೆ ಅಂತ ಲೈಸೆನ್ಸು ತೋರಿಸಿ ಎಲ್ಲಿಂದಲೋ ಒಂದು ಡಬ್ಬಿ ತೋಟಾ ತಂದಿದ್ದ. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ದಾಸ್ತಾನು ಅದು. ಅಪ್ಪ ಡಬ್ಬಿಯನ್ನು ತಿರುಗಿಸಿ ಓದಿದ. ಗಟ್ಟಿ ಬಂದೂಕಿಗೆ ಮಾತ್ರ ಅಂತ ಅದರ ಮೇಲೇ ಬರೆದಿತ್ತು. ತೋಟಾದ ಹಿಂಬದಿಯಲ್ಲಿ ಕೊರೆದಿದ್ದ ಅಕ್ಷರ ಮಾತ್ರ ಹಳೆಯದು, ಹೊಸದು ಎರಡರಲ್ಲೂ ಒಂದೇ. ಅವತ್ತಿನ ಊಟ ಮುದ್ದೆ, ಅವರೆಕಾಳು ಸಾರು. ಯಾರೂ ನೆಮ್ಮದಿಯಾಗಿ ತಿನ್ನಲಿಲ್ಲ.

“ನಂಬರ್ ಒಂದೇ ಅಲ್ವೇನಣ್ಣ? ನಾನೇ ಹಾಕಿ ನೋಡ್ದೆ, ಸಕ್ಕತ್ತಾಗಿ ಕೂರುತ್ತೆ.”

“ಕೂರೋದು ಬೇರೆ ಕಣೋ, ತಡಿಯೋದು ಬೇರೆ.”

“ಮೂತಿ ಚಪ್ಪಟೆ ಇರ್ಬೇಕು ಅಂದ್ರಂತಲ್ಲ? ನೋಡು, ಚಪ್ಪಟೆನೇ ಐತೆ.”

“ಮೂತಿ ಒಂದೇ ಅಲ್ಲ, ಮದ್ದೂ ನೋಡ್ಬೇಕು. ಒಂದು ಮಾತು ಹಿಡ್ಕೊಂಡು ಇನ್ನೊಂದು ಬಿಡ್ತೀಯಲ್ಲೋ!”

ಅಪ್ಪ ಎಷ್ಟು ವಿವರಿಸಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೊನೆಗೆ ಅಮ್ಮ ಸಾರಿನ ಸೌಟು ಕುಕ್ಕಿ, “ಏನಾದ್ರೂ ಒಂದು ತೀರ್ಮಾನ ಮಾಡ್ಕೊಂಡು ಉಣ್ಣಿ” ಅಂದಳು. ತೀರ್ಮಾನ ಹೀಗಾಯಿತು: ತಾತ ಹೊಡೆಯುವುದು ಹಳೆಯ ತೋಟಾ ಮಾತ್ರ, ಒಂದೇ ಒಂದು. ಚಿಕ್ಕಪ್ಪ ತಂದದ್ದು ಪೂಜೆಗೆ ಬರಲಿ, ನಳಿಗೆಗೆ ಬೇಡ. ಹಳೆಯದನ್ನಾದರೂ ಅಪ್ಪ ಮನಸಾರೆ ಒಪ್ಪಿದ್ದಲ್ಲ. ಅವನಿಂದ ಗೆಲ್ಲಲು ಆದದ್ದು ಅಷ್ಟೇ. ಡಬ್ಬಿಯಿಂದ ಹೊರಗೆ ಬಂದರೆ ಗುರುತು ಸಿಗುವುದಿಲ್ಲವೆಂದು ಅಮ್ಮನ ಉಗುರುಬಣ್ಣದ ಸೀಸೆ ತೆಗೆದುಕೊಂಡು ಜಗಲಿಯ ಮೇಲೆ ಕೂತ. ಚಿಕ್ಕಪ್ಪ ತಂದ ಪ್ರತಿ ತೋಟಾದ ಹಿಂಬದಿಗೂ ಒಂದೊಂದು ಕೆಂಪು ಬೊಟ್ಟು ಇಟ್ಟ. ನಾನು ಒಂದೊಂದಾಗಿ ಎತ್ತಿಕೊಟ್ಟೆ. ತಾತನಿಗೆ ತೋರಿಸಿದ, ಚಿಕ್ಕಪ್ಪನಿಗೆ ತೋರಿಸಿದ. “ಕೆಂಪು ಇದ್ರೆ ಮುಟ್ಟಂಗಿಲ್ಲ” ಅಂತ ಇಬ್ಬರ ಬಾಯಲ್ಲೂ ಹೇಳಿಸಿದ.

ಆಯುಧಪೂಜೆಯ ಬೆಳಗ್ಗೆ ಅಪ್ಪನ ಕಾರ್ಖಾನೆಯಲ್ಲೂ ಪೂಜೆ. ಕುಂಬಳಕಾಯಿ ಒಡೆದು, ಕಡ್ಲೆಪುರಿ ಪೊಟ್ಟಣ ಹಿಡಿದುಕೊಂಡು ಅವನು ಮನೆಗೆ ಬರುವಾಗ ಮಧ್ಯಾಹ್ನ. ನಡುಮನೆಯಲ್ಲಿ ಮಣೆಯ ಮೇಲೆ ಕೋವಿ, ಅದರ ಸುತ್ತ ಕುಡುಗೋಲು, ಅಪ್ಪನ ಸ್ಪ್ಯಾನರುಗಳು, ನನ್ನ ಜಾಮಿಟ್ರಿ ಬಾಕ್ಸು. ಎದುರಿಗೆ ಬಾಳೆ ಎಲೆಯ ಮೇಲೆ ತೋಟಾಗಳು, ಬಂಗಾರದ ಹಾಗೆ ಫಳಫಳ, ತಲೆಕೆಳಗಾಗಿ ಸಾಲಾಗಿ ನಿಲ್ಲಿಸಿದ್ದವು. ಪ್ರತಿಯೊಂದರ ಹಿಂಬದಿಗೂ ಒಂದು ಕೆಂಪು ಬೊಟ್ಟು. ಪ್ರತಿಯೊಂದಕ್ಕೂ.

ಅಪ್ಪ ಒಂದನ್ನು ಎತ್ತಿ ಬೆರಳಿನಿಂದ ಒರೆಸಿದ. ಬೆರಳಿಗೆ ಕುಂಕುಮ ಬಂತು. ಅಡಿಯಲ್ಲಿ ಬರೀ ಹಿತ್ತಾಳೆ. ಇನ್ನೊಂದನ್ನು ಒರೆಸಿದ. ಅದೂ ಅಷ್ಟೇ.

“ಅವ್ವಾ, ಇದರ ಮೇಲೆ ಕೆಂಪು ಬಣ್ಣ ಇತ್ತಲ್ಲ?”

“ಇತ್ತು ಕಣಪ್ಪ, ಅದ್ಯಾವ ಆಳು ಬಣ್ಣಾನೋ! ಬೂದಿ ಆಕಿ ಉಜ್ಜಿ ಉಜ್ಜಿ ಕೈ ಬಿದ್ದೋಯ್ತು. ನೆನ್ನೆ ಸಂಜಿಗಂಟ ಉಜ್ಜಿವ್ನಿ” ಎಂದು ಅಜ್ಜಿ ಮೆಚ್ಚುಗೆಗೆ ಕಾದು ನಿಂತಳು.

ಅಪ್ಪ ತಲೆ ಹಿಡಿದುಕೊಂಡು ಕೂತುಬಿಟ್ಟ. ಆಮೇಲೆ ಎದ್ದು ಹೇಳಿದ್ದು ಸರಿಯಾಗಿಯೇ ಇತ್ತು: ಯಾವುದು ಯಾವುದೆಂದು ಈಗ ದೇವರಿಗೂ ಗೊತ್ತಿಲ್ಲ, ಆದ್ದರಿಂದ ಈ ವರ್ಷ ಯಾವುದನ್ನೂ ಹೊಡೆಯಬಾರದು. ಜಗಲಿಯ ಮೇಲೆ ಊರಿನವರು ಆಗಲೇ ಸೇರಿದ್ದರು, ಹಿಂದಿನ ರೂಮುಗಳವರೂ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಬಂದಿದ್ದರು. ಅಷ್ಟು ಜನರ ಮುಂದೆ ಮಗ ‘ಬೇಡ’ ಅಂದದ್ದನ್ನು ತಾತನಿಗೆ ಸಹಿಸಲಾಗಲಿಲ್ಲ.

“ನಾನು ಕೈಲಿಡಿದ್ರೆ ಗೊತ್ತಾಯ್ತದೆ ಬಿಡೋ” ಅಂದ. ತೂಗಿ ನೋಡುವವನ ಹಾಗೆ ಎರಡು ತೋಟಾ ಆರಿಸಿ ಜೇಬಿಗಿಳಿಸಿದ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ.

ಕೆರೆಯ ಹಿಂದೆ ಎಲ್ಲರೂ ದೂರ ನಿಂತೆವು. ತಾತ ಎರಡನ್ನೂ ತುಂಬಿ ಲಿವರು ಎಳೆದ. ಪೂರ್ತಿ ಮುಚ್ಚಿಕೊಳ್ಳಲಿಲ್ಲ, ಅಂಗೈಯಿಂದ ಗುದ್ದಿ ಮುಚ್ಚಿದ. ಕೆನ್ನೆಯನ್ನು ಕೋವಿಗೆ ಒತ್ತಿ ಗುರಿ ಹಿಡಿದು ಕುದುರೆ ಎಳೆದ. ಟಿಕ್ ಅಂದಿತು, ಅಷ್ಟೇ. ಯಾರೋ ಕಿಸಕ್ಕನೆ ನಕ್ಕರು.

“ಅಪ್ಪಾ, ತಡಿ! ತಡವಾಗಿ ಸಿಡಿದ್ರೂ ಸಿಡೀತು, ಏರಿ ಕಡೆಗೇ ಹಿಡ್ಕೊಂಡು ಸ್ವಲ್ಪ ಹೊತ್ತು ನಿಂತ್ಕೋ!” ಅಂತ ಅಪ್ಪ ಕೂಗಿದ.

ನಕ್ಕಿದ್ದು ಕೇಳಿಸಿದ ತಾತನಿಗೆ ಇದು ಕೇಳಿಸೀತೇ? ಕಳಕ್ ಚಳಕ್ ಅಂತ ಸಿಡಿಯದ ತೋಟಾವನ್ನು ಕೆಳಗೆ ಬೀಳಿಸಿ ಮತ್ತೆ ಕುದುರೆ ಎಳೆದ. ಈ ಸಲ ಬಂದ ಸದ್ದು ನಾವು ಯಾವ ವರ್ಷವೂ ಕೇಳಿದ್ದಲ್ಲ. ಧಡ್ ಅನ್ನುವ ಬದಲು ಛಟೀರ್ ಅಂತ ಕಿವಿ ಸೀಳಿತು. ತಾತ ಎರಡು ಹೆಜ್ಜೆ ಹಿಂದಕ್ಕೆ ಹೋದ. ಕರಿಮದ್ದಿನ ಬಿಳಿ ಹೊಗೆ ಏಳಲೇ ಇಲ್ಲ, ಸಿಡಿದದ್ದು ಚಿಕ್ಕಪ್ಪ ತಂದ ತೋಟಾ. ಅಪ್ಪ ಓಡಿದ. ಅವನು ಓಡಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ. ಹೋಗಿ ತಾತನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ತಾತ ಅವನ ಕೈ ಕೊಡವಿದ.

“ಏನೂ ಆಗಿಲ್ಲ ಬಿಡೋ!”

“ಸಕ್ಕತ್ ಸೌಂಡು!” ಅಂತ ಚಿಕ್ಕಪ್ಪ ಸಿಳ್ಳೆ ಹಾಕಿದ. ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ಅಪ್ಪ ಹೆದರುಪುಕ್ಕಲ ಎಂದು ಅವತ್ತು ಊರಿನಲ್ಲಿ ಸ್ಥಾಪನೆಯಾಗಿಹೋಯಿತು. ಲಿವರು ಮಾತ್ರ ಬಿಗಿದುಕೊಂಡು ಮತ್ತೆ ತೆರೆಯಲೇ ಇಲ್ಲ.

ಹಬ್ಬದೂಟ ಆದಮೇಲೆ ಅಪ್ಪ ನಡುಮನೆಯಲ್ಲಿ ಹಳೆಯ ಪಂಚೆ ಹಾಸಿ ಕೋವಿ ಬಿಚ್ಚಿದ. ಸಿಕ್ಕಿಹಾಕಿಕೊಂಡಿದ್ದ ತೋಟಾದ ಖಾಲಿ ಚಿಪ್ಪು ಕೊನೆಗೂ ಹೊರಬಂತು. ಬುಡ ಉಬ್ಬಿತ್ತು, ಉಬ್ಬಿನ ಸುತ್ತ ಅರ್ಧದಷ್ಟು ಸೀಳಿತ್ತು. ಆಮೇಲೆ ಅವನು ಒಳಗಿನ ಮೊಣಕೈಯಂಥ ಕೀಲುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ನನ್ನ ಕೈಯಲ್ಲಿ ಸೀಮೆಸುಣ್ಣ ತರಿಸಿ ಪುಡಿ ಮಾಡಿ ಮೇಲೆ ಉದುರಿಸಿದ. ಬಿರುಕಿದ್ದರೆ ಅದರೊಳಗೆ ಕೂತ ಎಣ್ಣೆ ಸುಣ್ಣಕ್ಕೆ ಹತ್ತುತ್ತದೆ. ನಾವು ನೋಡುತ್ತಿದ್ದ ಹಾಗೇ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಎದ್ದಿತು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಇನ್ನೇನು ಬೇಕು? ಗೆದ್ದೆವು ಅಂದುಕೊಂಡೆ. ಅಪ್ಪ ಕೀಲನ್ನೂ ಚಿಪ್ಪನ್ನೂ ತಾತನ ಅಂಗೈಯಲ್ಲಿಟ್ಟ. ತಾತ ಕಣ್ಣಿಗೆ ಹತ್ತಿರ ಹಿಡಿದು ಚೆನ್ನಾಗಿಯೇ ನೋಡಿದ. ಬಿರುಕು ಅವನಿಗೂ ಕಂಡಿತು. ಆಮೇಲೆ ನಿಧಾನವಾಗಿ, ಹೆಮ್ಮೆಯಿಂದ ಅಂದ:

“ಆದ್ರೂ ತಡೀತಲ್ಲ!”

ಕೋವಿ ಮುರಿಯುತ್ತದೆ ಅನ್ನುವುದಕ್ಕೆ ಅಪ್ಪ ಹುಡುಕಿದ ಪುರಾವೆಯೇ ಕೋವಿ ಗಟ್ಟಿ ಅನ್ನುವುದಕ್ಕೆ ತಾತನ ಪುರಾವೆಯಾಯಿತು. ಅಷ್ಟೇ ಅಲ್ಲ, ಹೆಬ್ಬಗೋಡಿಯಲ್ಲಿ ಗ್ಯಾಸ್ ವೆಲ್ಡಿಂಗಿನವನಿಗೆ ಕೊಟ್ಟರೆ ಬೆಸೆದುಕೊಡುತ್ತಾನೆ, ಬರುವ ವರ್ಷಕ್ಕೆ ಹೊಸದರ ಹಾಗೆ ಆಗುತ್ತದೆ ಎಂದು ಚಿಕ್ಕಪ್ಪ ಸೇರಿಸಿದ. ಅಪ್ಪ ತನ್ನ ಅಪ್ಪನ ಎದುರು ದನಿಯೆತ್ತಿ ಮಾತಾಡಿದವನಲ್ಲ. ಅವತ್ತು ಎತ್ತಿದ.

“ತಡೀದೇ ಇದ್ದಿದ್ರೆ? ಆ ಬೋಲ್ಟು ಎಲ್ಲಿಗೆ ಬರ್ತಿತ್ತು ಗೊತ್ತಾ? ನಿನ್ನ ಕಣ್ಣಿಗೆ ಬರ್ತಿತ್ತು ಕಣಪ್ಪಾ, ನಿನ್ನ ಕಣ್ಣಿಗೆ! ಕೆಂಪು ಹಚ್ಚಿದ್ದು ನಿಂಗೋಸ್ಕರ, ನನಗೋಸ್ಕರ ಅಲ್ಲ!” ಅಂದ, ಅಳು ಬಂದು ಗೋಡೆಯ ಕಡೆ ತಿರುಗಿಕೊಂಡ.

ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಅಜ್ಜಿ ನಿಂತಿದ್ದಳು. ಯಾವಾಗಿಂದ ನಿಂತಿದ್ದಳೋ.

“ಆ ಕೆಂಪು ಯಾತಕ್ಕೆ ಅಂತ ನಂಗ್ಯಾರು ಏಳುದ್ರಿ?” ಅಂದಳು.

ತಾತನಿಗೆ ಹೇಳಿಯಾಗಿತ್ತು, ಕೋವಿ ಹೊಡೆಯದ ಚಿಕ್ಕಪ್ಪನಿಗೂ ಹೇಳಿಯಾಗಿತ್ತು. ವರ್ಷವರ್ಷವೂ ಒಂದೊಂದು ತೋಟಾವನ್ನೂ ಕೈಯಲ್ಲಿ ಹಿಡಿದು ತಿಕ್ಕುವವಳಿಗೆ ಹೇಳಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವಳು ಗಂಡಸರನ್ನು ಬಿಟ್ಟು ನನ್ನ ಮುಂದೆ ಬಂದು ಕೂತಳು.

“ನೀನು ಏಳವ್ವ. ಆ ಅಂಗ್ಡಿಯೋನು ಏನಂದ?”

ಅವಳ ಕೈ ಚಾಚಿಸಿ ಅಂಗೈಗೆ ಅಂಗೈ ಇಟ್ಟು ತಳ್ಳಿದೆ. ಹುಣಸೆಹಣ್ಣಿಗೆ ಒರಟಾಗಿದ್ದ ಅಂಗೈ, ಜಗ್ಗಲಿಲ್ಲ. ಮೊಣಕೈ ಮಡಚಿಸಿ ಮತ್ತೆ ತಳ್ಳಿದೆ. ಕೈ ಹಿಂದಕ್ಕೆ ಹೋಗಿ ಅವಳ ಕೆನ್ನೆಗೆ ತಾಗಿತು. ಅಜ್ಜಿ ತನ್ನ ಕೆನ್ನೆ ಮುಟ್ಟಿಕೊಂಡಳು. ಆಮೇಲೆ ತಾತನ ಕೆನ್ನೆ ನೋಡಿದಳು. ಕೋವಿಗೆ ಒತ್ತಿಹಿಡಿದಿದ್ದ ಕಡೆ ಇನ್ನೂ ಕುಂಕುಮ ಮೆತ್ತಿಕೊಂಡಿತ್ತು.

“ಇನ್ನು ಮ್ಯಾಕೆ ತುಪಾಕಿಗೆ ನಾನು ಕುಂಕ್ಮ ಇಕ್ಕಾಕಿಲ್ಲ” ಅಂದಳು. ಅಷ್ಟೇ ಹೇಳಿ, ತೋಟಾಗಳನ್ನೆಲ್ಲ ಡಬ್ಬಿಗೆ ತುಂಬಿ ಅಪ್ಪನ ಕೈಗೆ ಕೊಟ್ಟು, ಪಾತ್ರೆ ತೊಳೆಯಲು ಹೋದಳು.

ತಾತ ಗೊಣಗಿದ, ಬೈದ, ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಆದರೆ ಅಂಗಡಿಯವರ ಮಾತು, ಮಗನ ಮಾತು, ಕಣ್ಣೆದುರಿನ ಬಿರುಕು ಯಾವುದಕ್ಕೂ ಬಗ್ಗದವನಿಗೆ ಈ ಒಂದು ಮಾತನ್ನು ದಾಟಲಾಗಲಿಲ್ಲ. ಸ್ಕೂಟರಿನ ಕೀ ಕಿತ್ತುಕೊಂಡವನು ಅವನೇ ಅಲ್ಲವೇ? ಅಪ್ಪ ತೋಟಾಗಳನ್ನು ಸ್ಟೇಷನ್ನಿಗೆ ಒಪ್ಪಿಸಿ ಬಂದ. ಬಿರುಕು ಬಿಟ್ಟ ಕೀಲು ಬಿಚ್ಚಿದ ಹಾಗೇ ಉಳಿಯಿತು. ಇವತ್ತಿಗೂ ನಾನು ಹೊಸ ವಿಭಾಗಕ್ಕೆ ಹೋದರೆ ಮೊದಲು ಮ್ಯಾನೇಜರ ಕೋಣೆಗೆ ಹೋಗುವುದಿಲ್ಲ. ಈ ಯಂತ್ರವನ್ನು ದಿನಾ ಒರೆಸುವವರು ಯಾರು ಅಂತ ಕೇಳಿಕೊಂಡು ಅವರ ಹತ್ತಿರ ಹೋಗುತ್ತೇನೆ.

ಮುಂದಿನ ಆಯುಧಪೂಜೆಯಲ್ಲಿ ಕುಡುಗೋಲಿಗೆ, ಸ್ಪ್ಯಾನರಿಗೆ, ನನ್ನ ಸೈಕಲ್ಲಿಗೆ ಕುಂಕುಮ ಬಿತ್ತು. ಕೋವಿ ಗೋಡೆಯ ಮೇಲೆ ಬೋಳಾಗಿಯೇ ಇತ್ತು. ಊರಿನವರು ಬಂದು ಕೇಳಿದರೆ ತಾತ, “ಅವ್ಳುನ್ನ ಕೇಳ್ರಿ” ಅಂದು ಮುಖ ತಿರುಗಿಸಿದ. ಎಲೆ ಹಾಕಿದೆವು. ಒಬ್ಬಟ್ಟು ಬಡಿಸುತ್ತಿದ್ದ ಅಜ್ಜಿಗೆ ಕೇಳಲಿ ಅಂತಲೇ ಅವನು ಜೋರಾಗಿ ಅಂದ:

“ಇಷ್ಟು ವರ್ಸ ಒಡೆದಿವ್ನಿ. ಏನಾಗಿತ್ತು? ಏನೂ ಆಗಿರ್ಲಿಲ್ಲ.”

“ಊಂ, ಆಗಿರ್ಲಿಲ್ಲ” ಎಂದು ಅಜ್ಜಿ ಅವನ ಒಬ್ಬಟ್ಟಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಬಿಟ್ಟಳು. “ಅದುಕ್ಕೇ ಎರಡು ಕಣ್ಣಾಗೂ ನೋಡ್ಕೊಂಡು ಉಣ್ತಾ ಇದೀರಿ. ಉಣ್ಣಿ.”